ಎಲ್ಲಾ ಊರೂ ಮದ್ದೂರು

‘ಕಂಪ್ಯೂಟರ್ ಹೇಳಿದೆ’ ಅಂತ ಯಾರಾದರೂ ನನ್ನ ಮುಂದೆ ಅಂದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತೆ. ಅದಕ್ಕೆ ಬಾಯಿ ಎಲ್ಲಿದೆ ಸ್ವಾಮಿ, ಹೇಳೋದಕ್ಕೆ? ನೀವು ತುಂಬಿದ್ದನ್ನ ಅದು ಕಕ್ಕುತ್ತೆ. ತುಂಬಿದವರು ಒಬ್ಬರು, ಕಕ್ಕಿದ್ದನ್ನ ನಂಬಿದವರು ಇನ್ನೊಬ್ಬರು, ಅನುಭವಿಸಿದವರು ಮಾತ್ರ ನಮ್ಮಕ್ಕ. ಆ ಸಿಟ್ಟು ನನಗೆ ಇಳಿದಿಲ್ಲ, ಇಳಿಯೋದೂ ಬೇಡ.

ಆಗ ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಅಲ್ಲೊಂದು ಹೆಂಚಿನ ಕಟ್ಟಡದಲ್ಲಿ ಬಿತ್ತನೆ ಅರಿಶಿನ ಪರೀಕ್ಷೆ ಮಾಡುವ ಪುಟ್ಟ ಆಫೀಸು. ಅದರಲ್ಲಿ ನಾನು ಅಂಕಿಅಂಶ ಸಹಾಯಕಿ. ಯಜಮಾನರ ಕೆಲಸ ಗುಂಡ್ಲುಪೇಟೆಯಲ್ಲಿ ಇದ್ದದ್ದರಿಂದ ಮನೆ ಅಲ್ಲಿ, ನನ್ನ ಕೆಲಸ ಇಲ್ಲಿ, ಉಳಿದ ಆಯುಷ್ಯ ಬಸ್ಸಿನಲ್ಲಿ. ಸುತ್ತಲ ಊರುಗಳ ರೈತರು ಮುಂದಿನ ಸಲ ನೆಡೋದಕ್ಕೆ ಅಂತ ಎತ್ತಿಟ್ಟ ಹಸಿ ಗೆಡ್ಡೆಯಲ್ಲಿ ಒಂದಷ್ಟನ್ನ ತರೋದು, ಹಿಂದಿನ ಕೋಣೆಯಲ್ಲಿ ಊರಿಗೊಂದು ತಟ್ಟೆ ಮರಳಿನಲ್ಲಿ ಹೂತಿಡೋದು, ವಾರ ವಾರ ಕೆದಕಿ ನೋಡೋದು. ಎಷ್ಟು ಕೊಳೆತಿದೆ, ಎಷ್ಟು ಮೊಳೆತಿದೆ, ತೂಕ ಎಷ್ಟು ಇಳಿದಿದೆ. ಕೊನೆಗೆ ಊರಿಗೊಂದು ಮಾತು: ಈ ಬಿತ್ತನೆ ನೆಡಬಹುದು, ಅಥವಾ ಬೇಡ. ಬೇಡ ಅಂದರೆ ಕೊಳೆ ರೋಗ ಹರಡುವ ಮೊದಲೇ ಬೇಯಿಸಿ, ಒಣಗಿಸಿ, ಮಾರಿಬಿಡಿ ಅಂತ ಅರ್ಥ. ಅರಿಶಿನ ಒಂದು ಸಲ ಬೆಂದರೆ ಮುಗೀತು. ಅದು ಮತ್ತೆ ಯಾವತ್ತೂ ಮೊಳೆಯೋಲ್ಲ.

ನನ್ನ ಕ್ಯಾಲ್ಕುಲೇಟರಿನಲ್ಲಿ ಈ ಕೆಲಸ ನೆಟ್ಟಗೆ ನಡೀತಿತ್ತು. ಅಷ್ಟರಲ್ಲಿ ನಮ್ಮ ಸಾಹೇಬರು ಎಲ್ಲೋ ತರಬೇತಿಗೆ ಹೋಗಿ ಒಂದು ಡಬ್ಬಿ ಫ್ಲಾಪಿ ಹಿಡಕೊಂಡು ಬಂದರು. ಆಫೀಸಿಗೆ ಅದೇ ತಾನೇ ಒಂದು ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ಹೂವಿನ ಚಿತ್ರದ ಬಟ್ಟೆ ಹೊದಿಸಿ, ಚಪ್ಪಲಿ ಬಿಟ್ಟು ಒಳಗೆ ಬನ್ನಿ ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಫ್ಲಾಪಿಯೊಳಗೆ ಇದ್ದದ್ದು ಅಂಕಿಅಂಶಕ್ಕೆ ಅಂತಲೇ ಮಾಡಿದ ಒಂದು ಹೊಸ ಭಾಷೆ. ಕಂಸದೊಳಗೆ ಕಂಸ, ಅದರೊಳಗೆ ಇನ್ನೊಂದು ಕಂಸ. ಒಂದು ಮುಚ್ಚೋದು ಮರೆತರೆ ಇಡೀ ಮಧ್ಯಾಹ್ನ ಹಾಳು.

“ಇದು ಆಬ್ಜೆಕ್ಟ್ ಲೆಕ್ಕ ಕಣಮ್ಮಾ. ಇನ್ಮೇಲೆ ಊರು ಅಂದ್ರೆ ಬರೀ ಅಂಕಿ ಅಲ್ಲ, ಆಬ್ಜೆಕ್ಟು!” ಅಂತ ಸಾಹೇಬರು ಮೀಸೆ ತೀಡಿಕೊಂಡರು.

ಆಬ್ಜೆಕ್ಟ್ ಅಂದರೆ ಒಂದು ಡಬ್ಬ ಅಂದ್ಕೊಳ್ಳಿ. ಭೀಮನಬೀಡಿಗೆ ಒಂದು ಡಬ್ಬ, ಒಳಗೆ ಅದರ ಹೆಸರು, ಅದರ ಕೊಳೆ, ಅದರ ಮೊಳಕೆ, ಅದರ ತೂಕ. ತೆರಕಣಾಂಬಿಗೆ ಇನ್ನೊಂದು ಡಬ್ಬ. ಇಂಥ ಡಬ್ಬಗಳನ್ನೆಲ್ಲ ಅಟ್ಟದ ಮೇಲೆ ಜೋಡಿಸಿದ ಹಾಗೆ ಒಂದು ಪಟ್ಟಿಯಲ್ಲಿ ಇಟ್ಟುಬಿಟ್ಟರೆ, ಆಮೇಲೆ ‘ಎಲ್ಲರೂ ನಿಮ್ಮ ನಿಮ್ಮ ಫಲಿತಾಂಶ ಹೇಳಿ’ ಅಂತ ಒಂದೇ ಮಾತು ಕೇಳಿದರೆ ಸಾಕು, ಒಂದೊಂದು ಡಬ್ಬವೂ ತನ್ನ ಲೆಕ್ಕ ತಾನೇ ಮಾಡಿ ಒಪ್ಪಿಸುತ್ತೆ. ಕೇಳೋದಕ್ಕೆ ಚೆನ್ನಾಗಿದೆ. ನನಗೂ ಇಷ್ಟವೇ ಆಯ್ತು, ಸುಳ್ಳು ಯಾಕೆ ಹೇಳಲಿ.

ಆದರೆ ನಮ್ಮ ಸಾಹೇಬರ ಜಿಪುಣತನ ನಿಮಗೆ ಗೊತ್ತಿಲ್ಲವಲ್ಲ. ಬಂದ ಲಕೋಟೆಗಳನ್ನ ಬಿಡಿಸಿ, ಒಳಮೈ ಹೊರಗೆ ಮಾಡಿ, ಮತ್ತೆ ಅಂಟಿಸಿ ಕಳಿಸೋ ಮನುಷ್ಯ. ಹಳೆಯ ಕಾರ್ಬನ್ ಹಾಳೆಯನ್ನ ಬಿಸಿಲಿಗೆ ಹಿಡಿದು ಇನ್ನೂ ಎಷ್ಟು ಮಸಿ ಉಳಿದಿದೆ ಅಂತ ನೋಡೋರು. ಅವರೇ ಪ್ರೋಗ್ರಾಮ್ ಬರೆದರು, ನನ್ನ ಕೈಗೆ ಕೀಲಿಮಣೆ ಕೊಡಲಿಲ್ಲ. ಬರೆಯುವಾಗ ಊರಿಗೊಂದು ಡಬ್ಬ ಮಾಡಿದರೆ ಮೆಮೊರಿ ತುಂಬಿಹೋಗುತ್ತೆ ಅಂತ ಅವರಿಗೆ ಹೆದರಿಕೆ. “ಒಂದೇ ಡಬ್ಬ ಸಾಕು. ಮೊದಲ ಊರು ತುಂಬೋದು, ಪಟ್ಟಿಗೆ ಸೇರಿಸೋದು. ಅದನ್ನೇ ತೊಳೆದು ಎರಡನೇ ಊರು ತುಂಬೋದು, ಸೇರಿಸೋದು.”

“ಸಾರ್, ಅದೇ ಡಬ್ಬ ತೊಳೆದರೆ ಮೊದಲನೇ ಊರು ಎಲ್ಲಿಗೆ ಹೋಗುತ್ತೆ?” ಅಂದೆ.

“ಅದು ಆಗಲೇ ಪಟ್ಟಿಯೊಳಗೆ ಸೇಫಾಗಿ ಕೂತಿರುತ್ತಲ್ಲಮ್ಮಾ.”

ಗೋಡೆಗೆ ಹೇಳಿದ ಹಾಗೆ. ನಾನು ಹಲ್ಲು ಕಚ್ಚಿಕೊಂಡು ಮರಳು ಕೆದಕೋದಕ್ಕೆ ಹೋದೆ.

ಆ ತಟ್ಟೆಗಳಲ್ಲಿ ಒಂದು ನಮ್ಮಕ್ಕನ ಊರಿನದು, ಅದರಲ್ಲಿ ಇದ್ದದ್ದು ಅವಳದೇ ಗೆಡ್ಡೆ. ಅಕ್ಕನನ್ನ ಕೊಟ್ಟಿದ್ದು ಭೀಮನಬೀಡಿಗೆ. ಮದುವೆಯಾದ ವರ್ಷ ಅವ್ವ ಅವಳ ಜೊತೆ ಕಳಿಸಿದ್ದು ಒಂದು ಮಂಕರಿ ಬಿತ್ತನೆ ಅರಿಶಿನ. ಸಣ್ಣ ಬೆರಳಿನಂಥ ಕೊಂಬು, ಮುರಿದರೆ ಒಳಗೆ ಕೆಂಡದ ಬಣ್ಣ, ಕೈಗೆ ಹತ್ತಿದ ಘಾಟು ಎರಡು ದಿನ ಬಿಡೋದಿಲ್ಲ. ಅವ್ವ ಅದನ್ನ ತನ್ನ ತೌರಿಂದ ತಂದಿದ್ದಳಂತೆ. ಅವ್ವ ಹೋದ ಮೇಲೆ ನಮ್ಮ ತೌರಿನ ಹೊಲ ಅಣ್ಣತಮ್ಮಂದಿರ ನಡುವೆ ಹರಿದು ಹಂಚಿಹೋಯ್ತು, ಅಲ್ಲಿ ಯಾರೂ ಅರಿಶಿನ ಹಾಕಲೇ ಇಲ್ಲ. ಆ ತಳಿ ಉಳಿದಿದ್ದು ಅಕ್ಕನ ಹತ್ತಿರ, ಅಕ್ಕ ಹಂಚಿದ್ದರಿಂದ ಅವಳ ಬೀದಿಯವರ ಹತ್ತಿರ, ಅಷ್ಟೇ. ಅವಳಿಗೆ ಅದು ಬೆಳೆ ಅಲ್ಲ. ಅವ್ವನೇ.

ಅವರ ಬೀದಿಯಲ್ಲಿ ಬಿತ್ತನೆ ಇಡುವ ರೀತಿಯೂ ಒಂದು ಥರ. ಮನೆಗೊಂದು ಗುಡ್ಡೆ ಹಾಕೋಲ್ಲ. ಹೊಂಗೆ ಮರದ ನೆರಳಲ್ಲಿ ಎಲ್ಲರಿಗೂ ಸೇರಿ ಒಂದೇ ಉದ್ದ ಗುಂಡಿ. ಒಬ್ಬರ ಗೆಡ್ಡೆಗೂ ಇನ್ನೊಬ್ಬರ ಗೆಡ್ಡೆಗೂ ನಡುವೆ ಒಣಗಿದ ಎಲೆಯ ತಡೆ, ಮೇಲೆಲ್ಲ ಮಣ್ಣು ಸಗಣಿ ಕಲಸಿ ಬಳಿದ ಒಂದೇ ಮುಚ್ಚಿಗೆ. ಯಾರದು ಎಲ್ಲಿದೆ ಅಂತ ಗೊತ್ತಾಗೋದಕ್ಕೆ ಒಂದೊಂದು ಗೂಟ, ಗೂಟಕ್ಕೊಂದು ಬಟ್ಟೆಚೂರು. ಅಕ್ಕನ ಗೂಟಕ್ಕೆ ಕಟ್ಟಿದ್ದು ಅವ್ವನ ಹಳೇ ಸೀರೆಯ ಅಂಚು. ಮುಚ್ಚಿಗೆ ಒಂದು ಕಡೆ ಒಡೆದರೂ ಗಾಳಿ ಹೊಕ್ಕು ಎಲ್ಲರದೂ ಕೆಡುತ್ತೆ, ಅದಕ್ಕೇ ಯಾರೂ ತಮ್ಮದೊಂದನ್ನೇ ತೆಗೆಯೋ ಹಾಗಿಲ್ಲ. ತೆಗೆದರೆ ಇಡೀ ಬೀದಿ ಒಂದೇ ದಿನ ತೆಗೀಬೇಕು. ಇದು ಅವರ ಕಟ್ಟಳೆ.

ಅಕ್ಕನ ತಟ್ಟೆ ಚೆನ್ನಾಗಿತ್ತು. ನಾನೇ ವಾರ ವಾರ ಕೆದಕಿದವಳು, ನನಗೆ ಗೊತ್ತಿಲ್ಲವಾ? ಗೆಡ್ಡೆ ಕಲ್ಲಿನ ಹಾಗಿತ್ತು, ಕಣ್ಣು ಊದಿ ಮೊಳಕೆ ತುದಿ ಬಿಡ್ತಾ ಇತ್ತು. ಕೆಟ್ಟಿದ್ದು ಮದ್ದೂರು ಕಡೆಯಿಂದ ಬಂದ ತಟ್ಟೆ. ವಡೆಯ ಮದ್ದೂರಲ್ಲ, ಇದು ಬಂಡೀಪುರದ ಕಾಡಂಚಿನದು. ಆನೆ ಕಾಟಕ್ಕೆ ಹೆದರಿ ನಮ್ಮ ಫೀಲ್ಡ್‌ಮ್ಯಾನ್ ಅಲ್ಲಿಗೆ ಹೋಗೋದನ್ನ ಮುಂದಕ್ಕೆ ಹಾಕಿ ಹಾಕಿ, ಎಲ್ಲದಕ್ಕಿಂತ ಕಡೆಗೆ, ತೇವದ ಗೋಣಿಯಲ್ಲಿ ತುಂಬಿಕೊಂಡು ಬಂದಿದ್ದ. ಮುಟ್ಟಿದರೆ ಬೆರಳು ಒಳಗೆ ಇಳಿಯೋ ಹಾಗೆ ಕೊಳೆತಿತ್ತು. ಕಂಪ್ಯೂಟರಿಗೆ ತುಂಬಿದ್ದೂ ಅದನ್ನೇ ಕಡೆಗೆ.

ಒಂದು ಶುಕ್ರವಾರ ಸಂಜೆ ಪ್ರಿಂಟರ್ ಕಿರ್ರೋ ಅಂತ ಕಿರುಚಿ ಫಲಿತಾಂಶ ಕೊಟ್ಟಿತು. ಎಡಗಡೆ ಊರಿನ ಹೆಸರು, ಬಲಗಡೆ ತೀರ್ಪು. ತೆರಕಣಾಂಬಿ, ಬೇಡ. ಭೀಮನಬೀಡು, ಬೇಡ. ಮೇಲಿಂದ ಕೆಳಗಿನವರೆಗೂ ಬೇಡ, ಬೇಡ, ಬೇಡ.

“ಸಾರ್, ಇದು ತಪ್ಪು. ಭೀಮನಬೀಡಿನ ತಟ್ಟೆ ಹಿಂದಿನ ಕೋಣೆಯಲ್ಲೇ ಇದೆ, ಬಂದು ನೋಡಿ” ಅಂದೆ.

“ಕಣ್ಣಲ್ಲಿ ನೋಡಿದ್ದು ಅಂಕಿಅಂಶ ಆಗೋಲ್ಲಮ್ಮಾ.”

“ಒಂದು ಊರಾದರೂ ಚೆನ್ನಾಗಿರಬೇಡವಾ ಸಾರ್? ಎಲ್ಲಾ ಊರೂ ಒಂದೇ ಥರ ಹೇಗೆ ಬರುತ್ತೆ?”

“ಅದೇ ಮತ್ತೆ! ಒಂದಕ್ಕೊಂದು ಸ್ವಲ್ಪವೂ ವ್ಯತ್ಯಾಸ ಇಲ್ಲ. ಇಷ್ಟು ಸ್ಪಷ್ಟವಾದ ಫಲಿತಾಂಶ ನನ್ನ ಸರ್ವಿಸಿನಲ್ಲೇ ನೋಡಿಲ್ಲ” ಅಂತ ಹಾಳೆಯನ್ನ ಪ್ರೀತಿಯಿಂದ ಸವರಿದರು.

ಅಯ್ಯೋ ಶಿವನೇ! ನನಗೆ ಆ ಹಾಳೆ ಕಿತ್ತುಕೊಂಡು ಹರಿದುಬಿಡಬೇಕು ಅನ್ನಿಸಿತು. ಅಷ್ಟು ಹೊತ್ತಿಗೆ ಕರೆಂಟು ಹೋಯ್ತು, ನನ್ನ ಬಸ್ಸಿನ ಹೊತ್ತೂ ಆಯ್ತು. “ಸೋಮವಾರ ನೋಡೋಣ ಬಿಡಿ” ಅಂದರು. ಸೋಮವಾರ ನೋಡೋಣ ಅಂದರೆ ಸೋಮವಾರದವರೆಗೂ ಸುಮ್ಮನಿರ್ತಾರೆ ಅಂತ ನಾನು ತಿಳಿದೆ. ಯಾರೇ ಆದರೂ ಹಾಗೇ ತಿಳೀತಾರೆ.

ಸೋಮವಾರ ಸಾಹೇಬರು ಕಾಫಿಗೆ ಹೋದ ಸಮಯ ನೋಡಿ ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಪಟ್ಟಿಯಲ್ಲಿ ಕೂತಿದ್ದ ಡಬ್ಬಗಳನ್ನ ಒಂದೊಂದಾಗಿ ಮಾತಾಡಿಸೋಣ ಅಂತ. ಮೊದಲನೇದನ್ನ ಕೇಳಿದೆ: ನಿನ್ನ ಹೆಸರೇನು? ಪರದೆ ಮೇಲೆ ಬಂತು: ಮದ್ದೂರು. ಎರಡನೇದನ್ನ ಕೇಳಿದೆ. ಮದ್ದೂರು. ಭೀಮನಬೀಡು ಇರಬೇಕಾದ ಜಾಗಕ್ಕೆ ಹೋಗಿ, ನೀನು ಯಾವೂರಮ್ಮ ತಾಯಿ ಅಂತ ಕೇಳಿದೆ. ಮದ್ದೂರು! ಹಾಳೆಯ ಮೇಲೆ ಎಡಗಡೆ ಬಂದಿದ್ದ ಹೆಸರುಗಳನ್ನ ಸಾಹೇಬರು ಬೇರೆ ಕಡೆಯಿಂದ ತಂದು ಅಚ್ಚು ಹಾಕಿಸಿದ್ದರು, ಅದಕ್ಕೇ ಅವು ಸರಿಯಾಗಿದ್ದವು. ಬಲಗಡೆ ಇದ್ದ ತೀರ್ಪೆಲ್ಲ ಮದ್ದೂರಿನ ಕೊಳೆತ ತಟ್ಟೆಯದು.

ಸಾಹೇಬರು ಬಂದರು, ನಾನು ಎದ್ದು ನಿಲ್ಲಲೂ ಇಲ್ಲ. “ಸಾರ್, ಈ ಪಟ್ಟಿ ಡಬ್ಬಗಳನ್ನ ಇಟ್ಟುಕೊಂಡೇ ಇಲ್ಲ. ಡಬ್ಬ ಎಲ್ಲಿದೆ ಅಂತ ತೋರಿಸೋ ಗೂಟಗಳನ್ನ ಇಟ್ಟುಕೊಂಡಿದೆ. ನೀವು ಇರೋ ಒಂದೇ ಒಂದು ಗುಡ್ಡೆಗೆ ಎಲ್ಲಾ ಊರಿನ ಗೂಟ ಬಡಿದಿದ್ದೀರಿ. ಆಮೇಲೆ ಗುಡ್ಡೆ ಬದಲಾಯಿಸಿದಿರಿ. ಗೂಟಕ್ಕೆ ಏನು ಗೊತ್ತು? ಅದು ಅಲ್ಲೇ ನಿಂತಿದೆ, ಈಗ ಏನಿದೆಯೋ ಅದನ್ನ ತೋರಿಸ್ತಿದೆ.”

ಅವರು ಒಪ್ಪಲಿಲ್ಲ. ನಾನು ಮೊದಲನೇ ಊರಿನ ತೂಕದ ಜಾಗದಲ್ಲಿ ಸೊನ್ನೆ ಹೊಡೆದೆ. ಕಡೇ ಊರಿನ ತೂಕ ಕೇಳಿದೆ, ಸೊನ್ನೆ. ನಡುವಿನ ಯಾವ ಊರನ್ನ ಕೇಳಿದರೂ ಸೊನ್ನೆ. ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಊರಿಗೊಂದು ಹೊಸ ಡಬ್ಬ ಮಾಡು ಅಂತ ಒಂದು ಸಾಲನ್ನ, ಪ್ರತಿ ಊರಿಗೂ ತಿರುಗೋ ಸುತ್ತಿನ ಒಳಗೆ ಬರೆದಿದ್ದರೆ ಆಗ್ತಿತ್ತು. ಒಂದು ಸಾಲು! ಮೆಮೊರಿ ತುಂಬಿಹೋಗುತ್ತಂತೆ, ಮೆಮೊರಿ. ನನಗೆ ತಲೆ ತಲೆ ಚಚ್ಚಿಕೊಳ್ಳೋ ಹಾಗಾಯ್ತು.

“ಛೆ, ಛೆ. ಸರಿ ಮಾಡಿಬಿಡೋಣ. ಏನೂ ಮುಳುಗಿಹೋಗಿಲ್ಲ” ಅಂದರು. ಆಮೇಲೆ ಮೆಲ್ಲಗೆ, ಏನೋ ನೆನಪಾದವರ ಹಾಗೆ, “ಅಲ್ಲಾ, ಶನಿವಾರವೇ ಫೀಲ್ಡ್‌ಮ್ಯಾನ್ ಕೈಲಿ ಊರೂರಿಗೆ ಹೇಳಿ ಕಳಿಸಿಬಿಟ್ಟೆನಲ್ಲ” ಅಂದರು.

“ಸಾರ್! ಸೋಮವಾರ ನೋಡೋಣ ಅಂದಿರಿ!”

“ಹೂಂ, ನಿಮ್ಮ ಅನುಮಾನನ ಸೋಮವಾರ ನೋಡೋಣ ಅಂದೆ. ಫಲಿತಾಂಶ ಯಾಕೆ ತಡೀಬೇಕು?”

ಎದುರಿನ ಎಸ್‌ಟಿಡಿ ಬೂತಿಗೆ ಓಡಿದೆ. ಭೀಮನಬೀಡಿನಲ್ಲಿ ಅಕ್ಕನ ಬೀದಿಗೆ ಹತ್ತಿರ ಇದ್ದ ಫೋನು ಅಂದರೆ ಹಾಲಿನ ಡೈರಿಯದು. ಬಡ್ಕೊಳ್ತು, ಬಡ್ಕೊಳ್ತು, ಎತ್ತೋರೇ ಇಲ್ಲ. ಮತ್ತೆ ಮಾಡಿದೆ, ಮತ್ತೆ ಹಾಗೇ. ಹಾಲು ಹಾಕೋ ಹೊತ್ತಲ್ಲದಿದ್ದರೂ ಅಲ್ಲಿ ಯಾವಾಗಲೂ ಯಾರಾದರೂ ಹರಟೆ ಹೊಡೀತಾ ಕೂತಿರ್ತಾರೆ. ಎತ್ತಲಿಲ್ಲ ಅಂದ ಮೇಲೆ ಎಲ್ಲರೂ ಎಲ್ಲೋ ಒಂದು ಕಡೆ ಸೇರಿದ್ದಾರೆ ಅಂತ ಲೆಕ್ಕ. ಎಲ್ಲಿ ಅಂತ ಹೊಳೀತು, ಗುಂಡಿ ಹತ್ತಿರ.

ರಜಾ ಚೀಟಿಯನ್ನೂ ಬರೆಯದೆ ಬಸ್ ಹತ್ತಿದೆ. ಆ ಬಸ್ಸೋ, ನನ್ನ ಕರ್ಮ, ಕೈ ಎತ್ತಿದ ಕಡೆಯೆಲ್ಲ ನಿಲ್ತು. ತೆರಕಣಾಂಬಿಯಲ್ಲಿ ಡ್ರೈವರು ಟೀಗೆ ಇಳಿದ. ಟೀ ಕುಡಿದ, ಇನ್ನೊಬ್ಬ ಡ್ರೈವರ್ ಸಿಕ್ಕಿದ, ಅವನ ಜೊತೆ ನಗಾಡಿಕೊಂಡು ನಿಂತ. “ರೀ ಸ್ವಾಮಿ, ಬರ್ತೀರೋ ಇಲ್ಲಾ ನಾನೇ ಓಡಿಸಿಕೊಂಡು ಹೋಗಲೋ?” ಅಂತ ಕಿಟಕಿಯಿಂದ ಕೂಗಿದೆ. “ಯಾಕವ್ವ ಇಷ್ಟ್ ಬಿರುಸಾಗಿದ್ದೀಯೆ, ಎರಿಗೆ ಗಿರಿಗೆ ಐತಾ?” ಅಂದ. ಬಸ್ಸೆಲ್ಲ ನಕ್ಕಿತು. ಗುಂಡ್ಲುಪೇಟೆಯಲ್ಲಿ ಇಳಿದರೆ ಭೀಮನಬೀಡಿಗೆ ಬಸ್ ಇಲ್ಲ. ಕೇರಳಕ್ಕೆ ತರಕಾರಿ ತುಂಬಿಕೊಂಡು ಹೊರಟ ಲಾರಿಗಳು ಸಾಲಾಗಿ ನಿಂತು ದಾರಿ ಕಟ್ಟಿದ್ದವು. ಕೊನೆಗೆ ಹಿಂಡಿ ಮೂಟೆ ಸಾಗಿಸೋ ಒಂದು ಟೆಂಪೋದಲ್ಲಿ ಮೂಟೆಗಳ ಜೊತೆ ನಾನೂ ಒಂದು ಮೂಟೆಯಾಗಿ ಹೋದೆ.

ಊರು ಇನ್ನೂ ದೂರ ಇರುವಾಗಲೇ ವಾಸನೆ ಬಂತು. ಅರಿಶಿನ ಬೇಯೋ ವಾಸನೆ ಗೊತ್ತಿಲ್ಲದವರಿಗೆ ಹೇಳೋದು ಕಷ್ಟ. ಮಣ್ಣು, ಹೊಗೆ, ಔಷಧಿ ಎಲ್ಲಾ ಸೇರಿದ ಘಮ. ಬೇರೆ ದಿನವಾಗಿದ್ದರೆ ಆಸೆಯಿಂದ ಎಳಕೊಳ್ಳುತ್ತಿದ್ದೆ. ಅವತ್ತು ಸೆರಗು ಮೂಗಿಗೆ ಒತ್ತಿಕೊಂಡೆ.

ಹೊಂಗೆ ಮರದ ಕೆಳಗೆ ಗುಂಡಿ ಬಾಯ್ತೆರೆದುಕೊಂಡಿತ್ತು. ಮುಚ್ಚಿಗೆಯ ಹೆಂಟೆಗಳು ಒಂದು ಕಡೆ, ಗೂಟಗಳನ್ನ ಕಿತ್ತು ಒಟ್ಟಿದ್ದು ಇನ್ನೊಂದು ಕಡೆ. ಡೈರಿಯವರೂ ಸೇರಿ ಇಡೀ ಬೀದಿ ಅಲ್ಲೇ ಇತ್ತು. ಭಾವ ಕೊಪ್ಪರಿಗೆಯಿಂದ ಕೊನೆಯ ಸುತ್ತನ್ನ ತೋಡಿ ಕಣದ ಮೇಲೆ ಸುರೀತಿದ್ದರು. ಹಬೆಯಾಡ್ತಿತ್ತು.

“ನಿಲ್ಸಿ ಭಾವ! ನಿಲ್ಸಿ! ಅದು ತಪ್ಪು ಲೆಕ್ಕ!” ಅಂತ ಬಾಯಿ ಬಡ್ಕೊಂಡೆ. ಕೊಪ್ಪರಿಗೆ ಖಾಲಿಯಾಗಿತ್ತು. ಯಾವುದನ್ನ ನಿಲ್ಲಿಸೋದು?

ಅಕ್ಕ ಒಲೆಯ ಪಕ್ಕದಿಂದ ಎದ್ದು ಬಂದಳು. ಕೆನ್ನೆ ಮೇಲೆ ಮಸಿ. “ಯಾನಮ್ಮಿ, ಇಷ್ಟೊತ್ನಲ್ಲಿ ಬಂದೆ?”

ಹೇಳಿದೆ. ಡಬ್ಬ, ಗೂಟ, ಮದ್ದೂರು, ಎಲ್ಲ. ನಿನ್ನ ಗೆಡ್ಡೆಗೆ ಏನೂ ಆಗಿರಲಿಲ್ಲ ಅಕ್ಕ, ಎಲ್ಲರಿಗಿಂತ ಚೆನ್ನಾಗಿದ್ದದ್ದೇ ನಿಂದು ಅಂತ ಹೇಳಿದೆ. ಅವಳು ಕಣದ ಮೇಲಿಂದ ಒಂದು ಬೆಂದ ಕೊಂಬು ತೆಗೆದು ಉಗುರಿನಲ್ಲಿ ಚುಚ್ಚಿದಳು, ಉಗುರು ಮೆತ್ತಗೆ ಒಳಗೆ ಹೋಯ್ತು.

“ತೆಗೆದಾಗ್ಲೇ ನಂಗೂ ಅನ್ನುಸ್ತು, ಒಂದೂ ಕೊಳೆತಿಲ್ವಲ್ಲ ಅಂತ” ಅಂದಳು.

“ಅನ್ನಿಸಿತಲ್ಲ, ಮತ್ಯಾಕೆ ಬೇಯಿಸಿದೆ? ನಿಂಗೆ ಕಣ್ಣಿರಲಿಲ್ವಾ? ಒಂದು ದಿನ ತಡೆಯೋಕೆ ಆಗಲಿಲ್ವಾ?” ನನ್ನ ಸಿಟ್ಟೆಲ್ಲ ಅವಳ ಮೇಲೆ ತಿರುಗಿತ್ತು. ಅಳು ಬೇರೆ.

“ನೀನೇ ಅಲ್ವಾ ಆ ಆಪೀಸ್ನಾಗಿರಾದು?” ಅಂದಳು ಅಕ್ಕ. “ಬೇರೆ ಯಾರ್ ಏಳಿದ್ರೂ ಬೇಯಿಸ್ತಿರ್ನಿಲ್ಲ ಕಣಮ್ಮಿ. ನಿಮ್ಮಾಪೀಸು ಅಂದ್ರಲ್ಲ, ಅದ್ಕೇ ಮಾಡ್ಬುಟ್ಟೆ.”

ಬೈದಿದ್ದರೆ ತಡಕೊಳ್ಳುತ್ತಿದ್ದೆ. ಅವಳು ಒಟ್ಟಿದ ಗೂಟಗಳಲ್ಲಿ ಹುಡುಕಿ ತನ್ನದನ್ನ ಎತ್ತಿಕೊಂಡಳು. ಸೀರೆ ಅಂಚಿನ ಗಂಟು ಬಿಚ್ಚೋದಕ್ಕೆ ನೋಡಿದಳು, ಬಿಗಿದುಕೊಂಡಿತ್ತು, ಬರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು.

ಆ ವಾರವೇ ಸಾಹೇಬರು ಪ್ರೋಗ್ರಾಮ್ ಸರಿಮಾಡಿದರು. ಊರಿಗೊಂದು ಡಬ್ಬ. ಮೆಮೊರಿ ಏನೂ ತುಂಬಿಹೋಗಲಿಲ್ಲ, ಅದರ ಅಜ್ಜಿ ತಲೆ. ಹೊಸ ಹಾಳೆ ಬಂತು. ಮದ್ದೂರಿಗೆ ಮಾತ್ರ ಬೇಡ. ಭೀಮನಬೀಡಿನ ಎದುರಿಗೆ ಅತ್ಯುತ್ತಮ, ಬೇರೆ ಊರುಗಳಿಗೂ ಹಂಚಬಹುದು. ಸಾಹೇಬರಿಗೆ ಹಿಡಿಸಲಾರದ ಹಿಗ್ಗು.

“ನಿಮ್ಮಕ್ಕನ ಊರೇ ಅಲ್ವೇನಮ್ಮಾ? ಜೀಪು ಕಳಿಸ್ತೀನಿ. ಬಿತ್ತನೆ ಎಷ್ಟು ಸಿಗುತ್ತೆ ಕೇಳಿ ನೋಡಿ.”

“ಬೇಯಿಸಿಬಿಟ್ಟರು ಸಾರ್. ನೀವೇ ಬೇಯಿಸಿ ಅಂದಿರಿ.”

“ಎಲ್ಲಾನೂ ಬೇಯಿಸಿಬಿಟ್ಟರಾ? ಎಂಥಾ ಜನ! ಒಂದಿಷ್ಟಾದರೂ ಎತ್ತಿಡಬಾರದಾ?”

ಎದುರಿಗೆ ಪೇಪರ್‌ವೇಟ್ ಇತ್ತು. ಎತ್ತಿದೆ, ಇಟ್ಟೆ. ಎದ್ದು ಹಿಂದಿನ ಕೋಣೆಗೆ ಹೋದೆ. ಅಕ್ಕನ ತಟ್ಟೆಯಾದರೂ ಉಳಿದಿರಬೇಕಲ್ಲ ಅಂತ. ಬೇಡ ಅಂತ ತೀರ್ಪು ಬಂದ ಮೇಲೆ ರೋಗದ ಗೆಡ್ಡೆ ಯಾಕೆ ಅಂತ ಶನಿವಾರವೇ ಎಲ್ಲಾ ತಟ್ಟೆಗಳನ್ನೂ ಬರಿದು ಮಾಡಿ ಗೆಡ್ಡೆ ಸುಟ್ಟುಹಾಕಿದ್ದರು. ತೊಳೆದ ತಟ್ಟೆಗಳನ್ನ ಒಂದರ ಮೇಲೊಂದು ಕವುಚಿ ಇಟ್ಟಿದ್ದರು, ಮುಂದಿನ ವರ್ಷಕ್ಕೆ.

ಅವತ್ತು ಮನೆಗೆ ಬಂದು ಬಚ್ಚಲ ಹಿಂದೆ ಬಟ್ಟೆ ಒಗೆಯೋದಕ್ಕೆ ಕೂತೆ. ಸೋಪು ಹಚ್ಚುತ್ತಾ ಸಾಹೇಬರನ್ನ ಮನಸಾರೆ ಬೈತಾ ಇದ್ದೆ. ಒಗೆಯೋ ಕಲ್ಲು ಯಾವಾಗಲೂ ಅಲ್ಲಾಡೋ ಕಲ್ಲು, ಅವತ್ತೂ ಗಡಗಡ ಅಂತು. ಅದನ್ನೂ ಬೈದೆ. ಬೈದ ಮೇಲೆ ಅದು ಯಾಕೆ ಅಲ್ಲಾಡುತ್ತೆ ಅಂತ ನೆನಪಾಯ್ತು.

ಆ ಬಾಡಿಗೆ ಮನೆಗೆ ನಾವು ಬಂದ ಹೊಸದರಲ್ಲಿ ಅಕ್ಕ ಬಂದು, ಬಚ್ಚಲ ನೀರು ಹರಿಯೋ ಕಡೆ ಅವ್ವನ ಅರಿಶಿನದ ನಾಲ್ಕು ಗೆಡ್ಡೆ ಊರಿ ಹೋಗಿದ್ದಳು. ಬೇಡ ಕಣಕ್ಕ ಅಂದರೂ ಕೇಳಿರಲಿಲ್ಲ. ನನಗೆ ಅದೊಂದು ಕಾಟವಾಗಿತ್ತು. ಎಲೆ ಆಳೆತ್ತರ ಬಂದು ಕಪ್ಪೆಗಳು ಸಂಸಾರ ಹೂಡಿದ್ದವು, ಯಜಮಾನರು ಜಾರಿ ಬಿದ್ದಿದ್ದರು, ಮನೆ ಓನರಮ್ಮ ದಿನಾ ಗೊಣಗೋರು. ಒಂದು ಬೇಸಿಗೆಯಲ್ಲಿ ಎಲೆ ಒಣಗಿ ಬಿದ್ದದ್ದೇ ತಡ, ಪೀಡೆ ತೊಲಗಿತು ಅಂತ ಓನರಮ್ಮ ಅದರ ಮೇಲೆ ಒಗೆಯೋ ಕಲ್ಲು ಹಾಕಿಸಿಬಿಟ್ಟಿದ್ದರು. ಅದಾದ ಮೇಲೆ ಪ್ರತಿ ಮಳೆಗಾಲವೂ ಕಲ್ಲಿನ ಸುತ್ತ ಒಂದೆರಡು ಎಲೆ ಇಣುಕೋದು, ನಾನು ಕಾಲಲ್ಲಿ ಒತ್ತೋದು, ನಡೆದೇ ಇತ್ತು.

ಸೋಪಿನ ಕೈಯಲ್ಲೇ ಹೋಗಿ ಡೈರಿಗೆ ಫೋನ್ ಮಾಡಿದೆ. ಈ ಸಲ ಎತ್ತಿದರು.

ಮಾರನೇ ದಿನ ಮೊದಲ ಬಸ್ಸಿಗೆ ಅಕ್ಕ ಬಂದಳು, ಕೈಯಲ್ಲಿ ಹಾರೆ. ಕಾಫಿ ಕುಡಿ ಅಂದರೂ ನಿಲ್ಲಲಿಲ್ಲ. ಇಬ್ಬರೂ ಸೇರಿ ಕಲ್ಲು ಮೀಟಿದೆವು. ಓನರಮ್ಮ ಕಿಟಕಿಯಿಂದ ಏನೇನೋ ಅನ್ನುತ್ತಿದ್ದರು, ಸುಮ್ಮನಿರ್ರಮ್ಮಾ ಅಂತ ಜೋರಾಗಿಯೇ ಅಂದೆ. ಕಲ್ಲಿನ ಕೆಳಗೆ ಕಪ್ಪು ಮಣ್ಣು, ಎರೆಹುಳು. ಅಕ್ಕ ಹಾರೆ ಬಿಟ್ಟು ಬೆರಳಿನಿಂದ ಕೆದಕಿದಳು. ಚಪ್ಪಟೆಯಾಗಿ, ಸೊಟ್ಟಸೊಟ್ಟಗೆ, ಕಲ್ಲಿನ ಭಾರಕ್ಕೆ ಅಡ್ಡಡ್ಡ ಬೆಳೆದ ಒಂದು ಬುಡ ಬಂತು. ಒಂದು ಬೆರಳು ಮುರಿದಳು. ಕೆಂಡದ ಬಣ್ಣ.

ಮೂಗಿಗೆ ಹಿಡಿದುಕೊಂಡು ಹಾಗೇ ಕೂತುಬಿಟ್ಟಳು. ಬೆಂದ ಕೊಂಬಿಗೆ ಉಗುರು ಇಳಿದಾಗಲೂ ಅಳದವಳು ಆಗ ಅತ್ತಳು. ನಾನೂ ಬಚ್ಚಲ ಗೋಡೆಗೆ ಒರಗಿ ಅತ್ತೆ.

ಸಿಕ್ಕಿದ್ದೆಲ್ಲ ಸೇರಿ ಒಂದು ಮಡಿಲು ತುಂಬಲಿಲ್ಲ. ಇದು ಬೆಳೆದು ಮತ್ತೆ ಆ ಗುಂಡಿ ತುಂಬಬೇಕಾದರೆ ಎಷ್ಟು ವರ್ಷ ಬೇಕು ಅಂತ ಇಬ್ಬರಿಗೂ ಗೊತ್ತಿತ್ತು. ಮಡಿಲು ಕಟ್ಟಿಕೊಂಡು ಹೊರಟಳು. ಗೇಟಿನವರೆಗೆ ಹೋದವಳು ತಿರುಗಿ ಬಂದು, ಮಡಿಲಿಂದ ಒಂದು ಗೆಡ್ಡೆ ತೆಗೆದು, ಗೋಡೆ ಮಗ್ಗುಲಿಗೆ ಕಲ್ಲು ಬೀಳದ ಜಾಗ ನೋಡಿ ಊರಿದಳು. ಕಾಲಲ್ಲಿ ಮಣ್ಣು ಎಳೆದು ತುಳಿದಳು.

“ನಿಮ್ಮಾಪೀಸ್ನೋರ್ಗೆ ಏಳ್ಬ್ಯಾಡ” ಅಂದಳು.

ಹೇಳಲಿಲ್ಲ.